ಅಂಗನವಾಡಿ ತಟ್ಟೆಯ ವಿಚಾರವಾಗಿ ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದವಳೇ. ಬಿ.ಎಸ್ಸಿ. ಓದಿ ರಾಗಿ ಹೊಲದ ಮನೆಗೆ ಸೊಸೆಯಾಗಿ ಬಂದವಳು. ಎರಡು ಹಸು, ಎರಡೂವರೆ ವರ್ಷದ ಒಬ್ಬಳು ಮಗಳು. ರಸ್ತೆ ಕೇಳೋಕೆ ಬರೆಯುತ್ತಿಲ್ಲ, ಗಾಬರಿ ಬೇಡ. ನಮ್ಮ ಅಂಗನವಾಡಿಯ ತಟ್ಟೆ ಬಗ್ಗೆ, ಮಕ್ಕಳ ಕರುಳಿನೊಳಗಿನ ಸೂಕ್ಷ್ಮಜೀವಿಗಳ ಬಗ್ಗೆ ಸ್ವಲ್ಪ ಮಾತಾಡಬೇಕಿತ್ತು.

ಮೂರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಕೊಡುವ ಆಹಾರದ ಪ್ಯಾಕೆಟ್ ತರಲು ಹೋದ ವಾರ ಹೋಗಿದ್ದೆ. ಊಟದ ಹೊತ್ತು. ಹದಿನೆಂಟು ಮಕ್ಕಳು ಸಾಲಾಗಿ ಕೂತಿದ್ದವು. ಬಿಳಿ ಅನ್ನ, ಅದರ ಮೇಲೆ ತೆಳ್ಳಗಿನ ಸಾಂಬಾರು. ಪಕ್ಕದ ಮನೆ ಹುಡುಗ ತನ್ನ ತಟ್ಟೆಯಲ್ಲಿ ಸಿಕ್ಕ ಒಂದೇ ಒಂದು ಕ್ಯಾರೆಟ್ ಚೂರನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದ. ಹಬ್ಬದಲ್ಲಿ ಒಬ್ಬಟ್ಟು ಸಿಕ್ಕಷ್ಟು ಖುಷಿ ಅವನಿಗೆ. ಟೀಚರನ್ನಾಗಲಿ ಸಹಾಯಕಿಯನ್ನಾಗಲಿ ನಾನು ದೂರುತ್ತಿಲ್ಲ. ಬಂದದ್ದನ್ನು ಅವರು ಅಚ್ಚುಕಟ್ಟಾಗಿ ಬೇಯಿಸಿ ಬಡಿಸುತ್ತಾರೆ. ಬರುವುದೇ ಅಷ್ಟು.

ಇನ್ನು ಆ ಪ್ಯಾಕೆಟ್. ನಮ್ಮ ಮನೆಯಲ್ಲಿ ಅದನ್ನು ಇಷ್ಟಪಟ್ಟು ತಿನ್ನುವುದು ಗೌರಿ. ಗೌರಿ ನಮ್ಮ ಹಸು. ಮಗಳು ಎರಡು ಚಮಚ ಆಗುತ್ತಿದ್ದಂತೆ ಮುಖ ತಿರುಗಿಸುತ್ತಾಳೆ.

ವರ್ಷದ ಹಿಂದೆ ಇವಳ ತೂಕ ಮೂರು ತಿಂಗಳು ಏರಲೇ ಇಲ್ಲ. ಚಾರ್ಟಿನಲ್ಲಿ ಚುಕ್ಕಿ ಹಸಿರು ಬಿಟ್ಟು ಹಳದಿಗೆ ಬಂತು. ಎಲ್ಲರೂ ಹೇಳಿದ್ದು ಒಂದೇ: ಜಾಸ್ತಿ ತಿನ್ನಿಸಿ. ಜಾಸ್ತಿ ಅಂದರೆ ಜಾಸ್ತಿ ಅನ್ನ. ತಿನ್ನಿಸಿದೆ. ಹೊಟ್ಟೆ ಉಬ್ಬಿತೇ ಹೊರತು ತೂಕ ಬರಲಿಲ್ಲ. ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಓದುತ್ತಾ ಕೂತಾಗಲೇ ಈ ಕರುಳಿನ ಸೂಕ್ಷ್ಮಜೀವಿಗಳ ವಿಚಾರ ನನಗೆ ಸಿಕ್ಕಿದ್ದು.

ನಿಮಗೆ ಇದು ಬೇಗ ಅರ್ಥವಾಗುತ್ತದೆ ಸರ್. ನಾಲೆ ನೀರು ಕೊನೇ ಭಾಗದ ರೈತರಿಗೆ ತಲುಪುತ್ತಿಲ್ಲ ಅಂತ ನೀವೇ ಒಮ್ಮೆ ನಮ್ಮ ಜೊತೆ ಧರಣಿ ಕೂತಿದ್ದಿರಿ. ಹೊಟ್ಟೆಯೊಳಗೂ ಅದೇ ಕಥೆ. ಪಾಲಿಶ್ ಮಾಡಿದ ಅಕ್ಕಿಯ ಬಿಸಿ ಅನ್ನ ಬಹುಪಾಲು ಸಣ್ಣ ಕರುಳಿನಲ್ಲೇ ಕರಗಿ ರಕ್ತ ಸೇರುತ್ತದೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿರುವುದು ಕೆಳಗೆ, ದೊಡ್ಡ ಕರುಳಿನಲ್ಲಿ. ಅವುಗಳಿಗೆ ಬೇಕಿರುವುದು ಮೇಲೆ ಜೀರ್ಣವಾಗದೆ ಇಳಿದು ಬರುವ ನಾರು. ಸೊಪ್ಪು, ಕಾಳು, ರಾಗಿ, ತರಕಾರಿಯಿಂದ ಸಿಗುವಂಥದ್ದು. ಆ ನಾರನ್ನು ಹುಳಿಸಿ ಅವು ಬ್ಯುಟಿರೇಟ್‌ನಂಥ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಆಹಾರ. ಮೇಲಿನವರೇ ಎಲ್ಲ ಹೀರಿಕೊಂಡರೆ ಕೊನೇ ಭಾಗ ಒಣಗುತ್ತದೆ, ಅಲ್ವಾ?

ತಾಯಿ ಹಾಲಿನಲ್ಲಿರುವ ಲೆಕ್ಕಾಚಾರ ನೋಡಿ. ಅದರಲ್ಲಿ ಕೆಲವು ಬಗೆಯ ಸಕ್ಕರೆಗಳಿವೆ. ಕೂಸಿಗೆ ಅವು ಜೀರ್ಣವೇ ಆಗುವುದಿಲ್ಲ. ಮತ್ತೆ ಯಾರಿಗೋಸ್ಕರ ಇವೆ? ಕೂಸಿನ ಕರುಳಲ್ಲಿರುವ ಬಿಫಿಡೊಬ್ಯಾಕ್ಟೀರಿಯಾ ಎಂಬ ಒಳ್ಳೆಯ ಜೀವಿಗಳಿಗೆ. ಮಗುವಿನ ಜೊತೆ ಅದರೊಳಗಿನ ಸಂಸಾರಕ್ಕೂ ತಾಯಿ ಊಟ ಹಾಕುತ್ತಾಳೆ. ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಮುಂದೆ ಮಗು ಅನ್ನ, ಕಾಳು ತಿನ್ನಲು ಶುರುಮಾಡಿದ ಮೇಲೆ ಬೇರೆ ಬೇರೆ ಜಾತಿಯ ಜೀವಿಗಳು ಬಂದು ಸೇರುತ್ತವೆ. ಎರಡು ಮೂರು ವರ್ಷಕ್ಕೆ ಹೆಚ್ಚುಕಡಿಮೆ ದೊಡ್ಡವರ ಕರುಳಿನಂತಾಗುತ್ತದೆ. ಅಂದರೆ ಪ್ಯಾಕೆಟ್ ತಿನ್ನುವ ವಯಸ್ಸಿದೆಯಲ್ಲ, ಅದೇ ಸಮಯ.

ಆಫ್ರಿಕಾದ ಮಲಾವಿಯಲ್ಲಿ ಅವಳಿ ಮಕ್ಕಳನ್ನು ಇಟ್ಟುಕೊಂಡು ಅಧ್ಯಯನ ಮಾಡಿದ್ದಾರೆ. ವರದಿ ಬಂದದ್ದು 2013ರಲ್ಲಿ. ಒಂದೇ ಮನೆ, ಒಂದೇ ಊಟ. ಆದರೂ ಕೆಲವು ಜೋಡಿಗಳಲ್ಲಿ ಒಂದು ಮಗು ಚೆನ್ನಾಗಿದೆ, ಇನ್ನೊಂದಕ್ಕೆ ಮೈ ಊದುವ ಅಪೌಷ್ಟಿಕತೆ. ಇಬ್ಬರ ಕರುಳಿನ ಜೀವಿಗಳನ್ನೂ ಬೇರೆ ಬೇರೆ ಇಲಿಗಳಿಗೆ ಹಾಕಿ ಅಲ್ಲಿನ ಊಟವನ್ನೇ ಕೊಟ್ಟರು. ಕಾಯಿಲೆ ಮಗುವಿನ ಜೀವಿಗಳನ್ನು ಪಡೆದ ಇಲಿಗಳ ತೂಕ ಇಳಿಯಿತು.

ನಿಮಗೆ ಮುಖ್ಯವಾಗಿ ಹೇಳಬೇಕಿರುವುದು ಬಾಂಗ್ಲಾದೇಶದ್ದು. ಅಮೆರಿಕದ ಜೆಫ್ರಿ ಗಾರ್ಡನ್ ಮತ್ತು ಢಾಕಾದ ತಹಮೀದ್ ಅಹ್ಮದ್ ಎಂಬ ವಿಜ್ಞಾನಿಗಳ ತಂಡ ಅಪೌಷ್ಟಿಕ ಮಕ್ಕಳ ಕರುಳಿನಲ್ಲಿ ಜೀವಿಗಳ ಸಂಸಾರ ಬೆಳೆಯದೆ ಹಿಂದೆ ಉಳಿದಿರುವುದನ್ನು ಕಂಡಿತು. ಆ ಜೀವಿಗಳಿಗೆ ಏನು ಹಾಕಿದರೆ ಚೇತರಿಸಿಕೊಳ್ಳುತ್ತವೆ ಅಂತ ಹುಡುಕಿ ಒಂದು ಆಹಾರ ತಯಾರಿಸಿತು. ಅದರಲ್ಲಿ ಏನಿತ್ತು ಗೊತ್ತಾ? ಕಡಲೆ ಹಿಟ್ಟು, ಸೋಯಾ ಹಿಟ್ಟು, ಕಡಲೆಕಾಯಿ, ಬಾಳೆಕಾಯಿ. ಜೊತೆಗೆ ಸ್ವಲ್ಪ ಎಣ್ಣೆ, ಸಕ್ಕರೆ, ವಿಟಮಿನ್. ಸೋಯಾ ಒಂದು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಸಂತೆಯಲ್ಲಿ ನೆಲದ ಮೇಲೆ ರಾಶಿ ಹಾಕಿ ಮಾರುತ್ತಾರೆ.

ಢಾಕಾದ ಮೀರ್‌ಪುರ ಕೊಳೆಗೇರಿಯಲ್ಲಿ ಒಂದರಿಂದ ಒಂದೂವರೆ ವರ್ಷದ ಸುಮಾರು 120 ಮಕ್ಕಳಿಗೆ ಮೂರು ತಿಂಗಳು ತಿನ್ನಿಸಿ ನೋಡಿದರು. ಅರ್ಧ ಮಕ್ಕಳಿಗೆ ಇದು, ಉಳಿದವರಿಗೆ ಅಕ್ಕಿ, ಬೇಳೆ, ಹಾಲಿನ ಪುಡಿಯ ರೆಡಿಮೇಡ್ ಆಹಾರ. ರೆಡಿಮೇಡ್‌ನಲ್ಲಿ ಕ್ಯಾಲರಿ ಜಾಸ್ತಿ ಇತ್ತು. ಆದರೆ ತೂಕ ಚೆನ್ನಾಗಿ ಏರಿದ್ದು ಕಡಲೆ, ಬಾಳೆಕಾಯಿ ತಿಂದ ಮಕ್ಕಳದ್ದು. ಇದು 2021ರಲ್ಲಿ ಪ್ರಕಟವಾಯಿತು. ಎತ್ತರದಲ್ಲಿ ಅಂಥ ಫರಕು ಕಾಣಲಿಲ್ಲ, ಮಕ್ಕಳ ಸಂಖ್ಯೆಯೂ ಚಿಕ್ಕದು. ಆದರೂ ಕಡಿಮೆ ಕ್ಯಾಲರಿಯ ಊಟ ಗೆದ್ದದ್ದು ಸುಮ್ನೆ ಅಲ್ಲ.

ನಮ್ಮ ರಾಜ್ಯದ ಲೆಕ್ಕ ನಿಮಗೇ ಗೊತ್ತಿರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. 32.9 ಮಕ್ಕಳಿಗೆ ತಕ್ಕ ತೂಕವಿಲ್ಲ. ಅನ್ನಭಾಗ್ಯ ಶುರುವಾಗಿ ಆರು ವರ್ಷ ಕಳೆದ ಮೇಲಿನ ಲೆಕ್ಕ ಇದು. ಅಕ್ಕಿ ಬೇಡ ಅನ್ನುತ್ತಿಲ್ಲ, ಅದು ಹಸಿವು ನೀಗಿಸಿದೆ. ಆದರೆ ಮಗು ಬೆಳೆಯೋಕೆ ಅಷ್ಟೇ ಸಾಲದು.

ನಮ್ಮ ಅತ್ತೆ ಓದಿದವರಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು, ಅಂದರೆ ರಾಗಿಯ ನಡುವೆ ಬೇರೆ ಬೆಳೆಯ ಸಾಲು ಮಾಡಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಹಾಕಿಸುತ್ತಿದ್ದರು. ಮಳೆ ಬಿದ್ದ ಮೇಲೆ ಬದುವಿನಗುಂಟ ಬಗ್ಗಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕಿರೆ ಸೊಪ್ಪು, ಹೊನಗೊನೆ ಅಂತ ಚಿವುಟಿ ಮಡಿಲು ತುಂಬಿಸಿಕೊಂಡು ಬರುತ್ತಾರೆ. ಒಂದೊಂದೂ ಒಂದು ಹಿಡಿಯಷ್ಟೇ. ಎಲ್ಲ ಸೇರಿ ಬೆರಕೆ ಸೊಪ್ಪು. ತೊಗರಿಬೇಳೆ ಜೊತೆ ಬೇಯಿಸಿ ಮಸೆದರೆ ಮಸ್ಸೊಪ್ಪು. ಒಂದು ತುತ್ತಿನಲ್ಲಿ ಆರೇಳು ಗಿಡ. ಇವತ್ತು ನಾವು ಅಕ್ಕಡಿ ಹಾಕುವುದನ್ನೇ ನಿಲ್ಲಿಸಿದ್ದೇವೆ. ಬದುವಿಗೆ ಕಳೆನಾಶಕ ಹೊಡೆಯುತ್ತೇವೆ. ತಪ್ಪು ಸರ್ಕಾರದ್ದೊಂದೇ ಅಲ್ಲ, ನನ್ನ ಗಂಡನದ್ದೂ ಇದೆ.

ಮಗಳಿಗೆ ನಾನು ಮಾಡಿದ್ದು ಇಷ್ಟೇ. ರಾಗಿ ಸರಿಗೆ ಹುರಿಗಡಲೆ, ಕಡಲೆಕಾಯಿ ಪುಡಿ. ಬಾಳೆಕಾಯಿ ಬೇಯಿಸಿ ಕಿವುಚಿ ಒಗ್ಗರಣೆ. ದಿನಕ್ಕೊಂದು ಸೊಪ್ಪು, ಮಧ್ಯಾಹ್ನ ಮಜ್ಜಿಗೆ. ನೆಗಡಿ ಬಂದಾಗಲೆಲ್ಲ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತರುವುದನ್ನೂ ನಿಲ್ಲಿಸಿದೆ. ಕೆಟ್ಟ ಜೀವಿಗಳ ಜೊತೆ ಒಳ್ಳೆಯವನ್ನೂ ಅದು ಕೊಲ್ಲುತ್ತದೆ. ಚುಕ್ಕಿ ಮತ್ತೆ ಹಸಿರಿಗೆ ಬರಲು ಐದು ತಿಂಗಳು ಹಿಡಿಯಿತು. ಇದರಿಂದಲೇ ಬಂತು ಅಂತ ಆಣೆ ಮಾಡಿ ಹೇಳಲಾರೆ. ಒಂದು ಮಗುವಿನಿಂದ ವಿಜ್ಞಾನ ಆಗುವುದಿಲ್ಲ ಅನ್ನುವಷ್ಟು ಬಿ.ಎಸ್ಸಿ. ಕಲಿಸಿದೆ.

ಈಗ ನಿಮ್ಮ ಕೆಲಸ. 2017ರಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಯ ಒಂದು ಮಗುವಿನ ದಿನದ ಆಹಾರಕ್ಕೆ 8 ರೂಪಾಯಿ ಗೊತ್ತುಮಾಡಿತು. ತೀರಾ ಸೊರಗಿದ ಮಗುವಿಗೆ 12. ಆ 8 ರೂಪಾಯಿಯಲ್ಲಿ 500 ಕ್ಯಾಲರಿ ಮತ್ತು 12ರಿಂದ 15 ಗ್ರಾಂ ಪ್ರೋಟೀನ್ ಬಂದರೆ ಲೆಕ್ಕ ಸರಿ ಅನ್ನುತ್ತಿದ್ದರು. 2023ರ ಜನವರಿಯಲ್ಲಿ ಆಹಾರ ಭದ್ರತಾ ಕಾಯ್ದೆಯಲ್ಲಿರುವ ಈ ಪೌಷ್ಟಿಕಾಂಶದ ಪಟ್ಟಿಯನ್ನು ತಿದ್ದಿ, ಊಟದಲ್ಲಿ ವೈವಿಧ್ಯ ಇರಬೇಕು ಅನ್ನುವುದನ್ನೂ ಸೇರಿಸಿದ್ದಾರೆ. ನಿಯಮ ನಮ್ಮ ಪರವಾಗಿಯೇ ಇದೆ. ತಟ್ಟೆಗೆ ಇನ್ನೂ ಇಳಿದಿಲ್ಲ.

ತಾಲ್ಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಗೆ ನೀವೇ ಅಧ್ಯಕ್ಷರು. ಎಷ್ಟು ಮಕ್ಕಳು, ಎಷ್ಟು ಮೊಟ್ಟೆ ಅಂತ ಕೇಳುವಾಗ ಇದನ್ನೂ ಕೇಳಿ: ಈ ವಾರ ಎಷ್ಟು ಬಗೆಯ ಕಾಳು, ಎಷ್ಟು ಬಗೆಯ ಸೊಪ್ಪು ಹೋಯಿತು? ಉತ್ತರ ಬರೆಯುವುದಕ್ಕೆ ರಿಜಿಸ್ಟರಿನಲ್ಲಿ ಒಂದು ಕಾಲಂ ಹಾಕಿಸಿ. ವಾರಕ್ಕೆ ಎರಡು ದಿನವಾದರೂ ಸೊಪ್ಪು, ಬಾಳೆಕಾಯಿ, ಹಸಿ ಅವರೆಯನ್ನು ಊರಿನಲ್ಲೇ ಕೊಳ್ಳಲು ಅಂಗನವಾಡಿಯ ಬಾಲವಿಕಾಸ ಸಮಿತಿಗೆ ಕೈಯಲ್ಲಿ ಸ್ವಲ್ಪ ದುಡ್ಡು ಕೊಡಿಸಿ. ನಮ್ಮ ಸಂತೆಯಲ್ಲಿ ದಂಟಿನ ಸೊಪ್ಪು ಕಟ್ಟು ಹತ್ತು ರೂಪಾಯಿ. ಹದಿನೆಂಟು ಮಕ್ಕಳಿಗೆ ನಾಲ್ಕು ಕಟ್ಟು ಧಾರಾಳ. ಪ್ಯಾಕೆಟ್ ಬದಲು ಹುರಿಗಡಲೆ, ಕಡಲೆಕಾಯಿ, ರಾಗಿಹಿಟ್ಟನ್ನೇ ಬಿಡಿಯಾಗಿ ಕೊಟ್ಟರೆ ಇನ್ನೂ ಒಳ್ಳೆಯದು. ಗೌರಿಗೆ ಬೇಜಾರಾಗಬಹುದು, ಆಗಲಿ.

ಸಭೆಗೆ ಮೊದಲು ಒಂದು ದಿನ ಹನ್ನೆರಡೂವರೆ ಹೊತ್ತಿಗೆ ನಮ್ಮ ಅಂಗನವಾಡಿಗೆ ಬನ್ನಿ. ಮಕ್ಕಳ ಜೊತೆ ಕೂತು ಊಟ ಮಾಡಿ. ಫೋನ್ ಮಾಡಿ ಬರಬೇಡಿ ಸರ್. ಹೇಳಿ ಬಂದರೆ ಅವತ್ತು ಪಾಯಸ ಇರುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು