ಗೇಟ್ ಹಾಕಿದ್ದರೆ ಮಕ್ಕಳು ತಡವಾಗಿಯೇ ಬರಲಿ

ಪ್ರಿಯ ಪೋಷಕರೇ,

ನಮಸ್ಕಾರ. ಮೊದಲು ನಮ್ಮ ನಿರ್ಧಾರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮುಂದಿನ ಸೋಮವಾರದಿಂದ, ರೈಲ್ವೆ ಗೇಟ್ ಹಾಕಿದ್ದರಿಂದ ತಡವಾದ ಯಾವ ಮಗುವಿನ ಹಾಜರಿಯಲ್ಲೂ ‘ತಡ’ ಎಂದು ಬರೆಯುವುದಿಲ್ಲ. ಚೀಟಿ ಬೇಕಿಲ್ಲ, ಡೈರಿಯಲ್ಲಿ ನಿಮ್ಮ ಸಹಿಯೂ ಬೇಕಿಲ್ಲ. ‘ಗೇಟ್ ಹಾಕಿತ್ತು ಮಿಸ್’ ಅಂದರೆ ಸಾಕು. ಮೊದಲ ಪೀರಿಯಡ್‌ನಲ್ಲಿ ಹೊಸ ಪಾಠ ಶುರು ಮಾಡುವುದಿಲ್ಲ, ಟೆಸ್ಟ್ ಇಡುವುದಿಲ್ಲ. ಪರೀಕ್ಷೆಯ ದಿನ ಗೇಟಿನಿಂದ ತಡವಾದರೆ, ಅಷ್ಟು ಹೊತ್ತು ಕೊನೆಯಲ್ಲಿ ಹೆಚ್ಚಿಗೆ ಕೊಡುತ್ತೇವೆ.

ಕೆಲವು ಮಕ್ಕಳು ಇದನ್ನೇ ನೆಪ ಮಾಡಿಕೊಳ್ಳಬಹುದು ಎಂದು ಶಿಕ್ಷಕರೇ ಹೇಳಿದರು. ಮಾಡಿಕೊಳ್ಳಲಿ. ನೆಪ ಹೇಳಿ ತಡವಾಗಿ ಬಂದ ಮಗುವನ್ನು ಕೂರಿಸಿಕೊಂಡು ಮಾತಾಡಬಹುದು, ತಿದ್ದಬಹುದು. ಬೆಲ್ ತಪ್ಪುತ್ತದೆ ಎಂದು ಹೆದರಿ ಗೇಟಿನ ಕೆಳಗೆ ನುಸುಳಿದ ಮಗುವಿನ ವಿಷಯದಲ್ಲಿ ಆ ಅವಕಾಶ ಸಿಗದೇ ಹೋಗಬಹುದು.

ಹಳಿ ನಮ್ಮ ಊರನ್ನು ಎರಡು ಭಾಗ ಮಾಡಿದೆ. ಶಾಲೆ ಒಂದು ಕಡೆ, ಬಹಳ ಮಕ್ಕಳ ಮನೆ ಇನ್ನೊಂದು ಕಡೆ. ರೈಲುಗಳು ಜಾಸ್ತಿಯಾಗಿವೆ, ಗೂಡ್ಸ್ ಗಾಡಿಗಳು ಉದ್ದವಾಗಿವೆ. ಬೆಳಿಗ್ಗೆ ಬೆಲ್ ಹೊಡೆಯುವ ಹೊತ್ತಿಗೇ ಗೇಟ್ ಬೀಳುತ್ತದೆ. ಆಗ ಅಲ್ಲಿ ಏನು ನಡೆಯುತ್ತದೆ ಎಂದು ನಿಮಗೂ ಗೊತ್ತು. ದೊಡ್ಡವರು ಸ್ಕೂಟರ್ ವಾಲಿಸಿ ಗೇಟಿನ ಕೆಳಗೆ ತೂರಿಸುತ್ತಾರೆ. ಮಕ್ಕಳು ನಿಂತು ನೋಡುತ್ತಾರೆ. ಶಾಲೆಯಲ್ಲಿ ನಾವು ಹೇಳುವುದಕ್ಕಿಂತ ಅಲ್ಲಿ ಕಂಡದ್ದು ಅವರ ತಲೆಯಲ್ಲಿ ಚೆನ್ನಾಗಿ ಕೂರುತ್ತದೆ.

‘ರೈಲು ಎಲ್ಲೂ ಕಾಣ್ತಿಲ್ಲ, ಇಷ್ಟು ಬೇಗ ಯಾಕೆ ಗೇಟ್ ಹಾಕ್ತಾರೆ?’ ಎಂಬ ಸಿಟ್ಟು ತುಂಬಾ ಜನರಿಗಿದೆ. ಅದಕ್ಕೆ ಕಾರಣವಿದೆ. ಸಿಗ್ನಲ್ಲಿಗೆ ಜೋಡಿಸಿದ ಗೇಟುಗಳಲ್ಲಿ, ಗೇಟ್ ಪೂರ್ತಿ ಬಿದ್ದು ಲಾಕ್ ಆಗುವವರೆಗೂ ರೈಲಿಗೆ ಹಸಿರು ಸಿಗ್ನಲ್ ಸಿಗುವುದಿಲ್ಲ. ಆ ಸಿಗ್ನಲ್ ಡ್ರೈವರಿಗೆ ಬಹಳ ದೂರದಿಂದಲೇ ಕಾಣಬೇಕು, ಯಾಕೆಂದರೆ ಕೆಂಪು ಇದ್ದರೆ ಅವರು ಅಲ್ಲಿಂದಲೇ ಬ್ರೇಕ್ ಹಾಕಬೇಕು. ಒಮ್ಮೆ ಸಿಗ್ನಲ್ ಕೊಟ್ಟ ಮೇಲೆ ಗೇಟ್‌ಮನ್ ತನಗೆ ಬೇಕೆಂದಾಗ ಗೇಟ್ ಎತ್ತುವಂತಿಲ್ಲ. ದಯವಿಟ್ಟು ಅವರ ಮೇಲೆ ಕೂಗಾಡಬೇಡಿ. ಅಪ್ಪನೋ ಅಮ್ಮನೋ ಗೇಟ್‌ಮನ್‌ಗೆ ಬೈಯುವುದನ್ನು ಕಂಡ ಮಗುವಿಗೆ, ಗೇಟ್ ಅಂದರೆ ಯಾರೋ ಸುಮ್ನೆ ಕೊಡುವ ತೊಂದರೆ ಅನಿಸಿಬಿಡುತ್ತದೆ.

ರೈಲಿನ ಬ್ರೇಕಿನ ವಿಷಯ ಮಕ್ಕಳಿಗೆ ಮನೆಯಲ್ಲೂ ಹೇಳಿ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುತ್ತದೆ. ಉರುಳಲು ತಡೆ ಬಹಳ ಕಡಿಮೆ, ಎರಡರ ನಡುವೆ ಹಿಡಿತವೂ ಕಡಿಮೆ. ಅಷ್ಟು ಭಾರ ಎಳೆಯಲು ಆಗುವುದು ಅದರಿಂದಲೇ, ಬೇಗ ನಿಲ್ಲಿಸಲು ಆಗದಿರುವುದೂ ಅದರಿಂದಲೇ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿರುವ ಭಾರಿ ಗೂಡ್ಸ್ ಗಾಡಿ ಪೂರ್ತಿ ನಿಲ್ಲಲು ಒಂದೂವರೆ ಕಿಲೋಮೀಟರ್‌ಗಿಂತ ಹೆಚ್ಚು ದೂರ ಬೇಕಾಗಬಹುದು. ಹಳಿಯ ಮೇಲೆ ಮಗು ಕಂಡಿತು ಎಂದು ಡ್ರೈವರ್ ತಕ್ಷಣ ಬ್ರೇಕ್ ಹಾಕಿದರೂ ಆಮೇಲೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಆ ವೇಗದಲ್ಲಿ ರೈಲು 4 ಸೆಕೆಂಡಿಗೆ 100 ಮೀಟರ್ ಬರುತ್ತದೆ. ಹೆಗಲಿಗೆ ಚೀಲ ಹಾಕಿಕೊಂಡ ಮಗು ಎರಡು ಜೋಡಿ ಹಳಿ ದಾಟಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ನಮ್ಮ ಕಣ್ಣೂ ಇಲ್ಲಿ ಮೋಸ ಮಾಡುತ್ತದೆ. ದೊಡ್ಡ ವಸ್ತು ದೂರದಿಂದ ಬರುವಾಗ ಇರುವುದಕ್ಕಿಂತ ನಿಧಾನವಾಗಿ ಬಂದಂತೆ ಕಾಣುತ್ತದೆ. ನೇರ ಎದುರಿನಿಂದ ಬಂದರಂತೂ ವೇಗ ಅಂದಾಜೇ ಸಿಗುವುದಿಲ್ಲ. ದೊಡ್ಡವರೇ ತಪ್ಪುವ ಲೆಕ್ಕ ಇದು, ಎಂಟು ವರ್ಷದ ಮಗುವಿನ ಕೈಗೆ ಕೊಡುವುದು ಸರಿಯಲ್ಲ ಅಲ್ವಾ? ಇನ್ನೊಂದು ಮಾತು. ಬೋಗಿಯ ಅಗಲ ಹಳಿಯಷ್ಟೇ ಅಲ್ಲ. ಎರಡೂ ಕಡೆ ಸುಮಾರು ಮುಕ್ಕಾಲು ಮೀಟರ್ ಹೊರಗೆ ಚಾಚಿರುತ್ತದೆ. ಹಳಿಯಿಂದ ಆಚೆ ನಿಂತಿದ್ದೇನೆ ಎಂದುಕೊಂಡ ಮಗು ರೈಲಿನ ದಾರಿಯಲ್ಲೇ ನಿಂತಿರಬಹುದು.

ನನಗೆ ಹೆಚ್ಚು ಭಯ ಇರುವುದು ಎರಡನೇ ರೈಲಿನದು. 2005ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಎಲ್ಸೆನ್‌ಹ್ಯಾಮ್ ನಿಲ್ದಾಣದಲ್ಲಿ 13 ಮತ್ತು 14 ವರ್ಷದ ಇಬ್ಬರು ಗೆಳತಿಯರು ಟಿಕೆಟ್ ತೆಗೆದುಕೊಂಡು ಹೊರಟಿದ್ದರು. ಅವರು ಹತ್ತಬೇಕಿದ್ದ ರೈಲು ಬಂತು. ಪ್ಲಾಟ್‌ಫಾರ್ಮ್ ಹಳಿಯ ಆಚೆಗಿತ್ತು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು, ಎಚ್ಚರಿಕೆಯ ಸದ್ದೂ ನಿಂತಿರಲಿಲ್ಲ. ಅದು ತಮ್ಮ ರೈಲಿನದೇ ಎಂದುಕೊಂಡಿರಬೇಕು. ನಡೆದು ಹೋಗುವವರ ಗೇಟಿಗೆ ಲಾಕ್ ಇರಲಿಲ್ಲ, ತೆರೆದು ಹೆಜ್ಜೆ ಇಟ್ಟರು. ಇನ್ನೊಂದು ಹಳಿಯಲ್ಲಿ ಬೇರೆ ರೈಲು ಬರುತ್ತಿತ್ತು. ಇಬ್ಬರೂ ಉಳಿಯಲಿಲ್ಲ. ಅವರು ತುಂಟ ಮಕ್ಕಳಲ್ಲ, ರೈಲು ತಪ್ಪಬಾರದು ಎಂಬ ಅವಸರ ಇತ್ತು ಅಷ್ಟೇ. ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಒಂದು ರೈಲು ಹೋದ ತಕ್ಷಣ ದಾಟಬಾರದು, ಗೇಟ್ ಪೂರ್ತಿ ಮೇಲೇಳುವವರೆಗೆ ನಿಲ್ಲಬೇಕು. ಇದನ್ನು ಮಗುವಿಗೆ ಹೇಳಿದರೆ ಸಾಲದು, ಜೊತೆಗೆ ಹೋದಾಗ ನೀವೂ ನಿಲ್ಲಿ.

ಗೂಡ್ಸ್ ಗಾಡಿ ಗೇಟಿನಲ್ಲೇ ನಿಂತುಬಿಟ್ಟಾಗ ಇನ್ನೊಂದು ಆಸೆ ಹುಟ್ಟುತ್ತದೆ. ಎರಡು ವ್ಯಾಗನ್‌ಗಳ ನಡುವೆ ಹತ್ತಿ ಇಳಿಯುವುದು, ಇಲ್ಲವೇ ಕೆಳಗೆ ತೆವಳುವುದು. ನಿಂತ ಗಾಡಿ ಹೊರಡುವಾಗ ನಮಗೆ ಹೇಳಿ ಹೊರಡುವುದಿಲ್ಲ. ಎಂಜಿನ್ ಎಷ್ಟೋ ದೂರದಲ್ಲಿರುತ್ತದೆ, ಅದರ ಸದ್ದು ಇಲ್ಲಿಗೆ ಕೇಳಿಸುವುದಿಲ್ಲ. ವ್ಯಾಗನ್‌ಗಳ ಜೋಡಣೆಯಲ್ಲಿ ಸ್ವಲ್ಪ ಸಡಿಲ ಇರುವುದರಿಂದ, ಜಗ್ಗು ಒಂದರಿಂದ ಒಂದಕ್ಕೆ ದಾಟಿ ಬಂದು ಒಮ್ಮೆಲೇ ಹೊಡೆಯುತ್ತದೆ. ವಿದ್ಯುತ್ ಮಾರ್ಗವಾದರೆ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುವುದು ಸಾಮಾನ್ಯ. ಆ ತಂತಿ ಮುಟ್ಟಲೇಬೇಕಿಲ್ಲ, ಹತ್ತಿರ ಹೋದರೂ ಕರೆಂಟ್ ಹಾರಿ ಹೊಡೆಯುತ್ತದೆ. ಫೋಟೋ ತೆಗೆಯಲು ವ್ಯಾಗನ್ ಮೇಲೆ ಹತ್ತುವ ಹುಡುಗರಿಗೆ ಇದು ಗೊತ್ತಿರಬೇಕು.

ವ್ಯಾನ್ ಮತ್ತು ಕಾರಿನಲ್ಲಿ ಮಕ್ಕಳನ್ನು ಬಿಡುವವರಿಗೆ ಒಂದೇ ಮಾತು: ಗೇಟ್ ತೆಗೆದಿದ್ದರೂ ಹಳಿಯ ಆಚೆ ನಿಮ್ಮ ಗಾಡಿಗೆ ಪೂರ್ತಿ ಜಾಗ ಇದೆಯೇ ಎಂದು ನೋಡಿಯೇ ಮುಂದೆ ಹೋಗಿ. 1995ರಲ್ಲಿ ಅಮೆರಿಕದ ಫಾಕ್ಸ್ ರಿವರ್ ಗ್ರೋವ್‌ನಲ್ಲಿ ಒಂದು ಶಾಲಾ ಬಸ್ ಹಳಿ ದಾಟಿ ಟ್ರಾಫಿಕ್ ಸಿಗ್ನಲ್ಲಿಗೆ ನಿಂತಿತ್ತು. ಬಸ್ಸಿನ ಹಿಂಭಾಗ ಸುಮಾರು ಒಂದು ಮೀಟರಿನಷ್ಟು ಹಳಿಯ ಕಡೆಗೇ ಉಳಿದಿತ್ತು. 7 ಮಕ್ಕಳು ಸತ್ತರು. ನಮ್ಮ ಶಾಲೆಯ ಬಸ್ಸುಗಳು ಗೇಟ್ ತೆರೆದಿದ್ದರೂ ಹಳಿಗೆ ಮುಂಚೆ ನಿಂತು, ಬಾಗಿಲು ತೆರೆದು, ಎರಡೂ ಕಡೆ ನೋಡಿ, ಕಿವಿಗೊಟ್ಟು ಕೇಳಿಯೇ ಮುಂದೆ ಹೋಗುತ್ತವೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ ಎಂದು ಡ್ರೈವರ್ ಹೇಳಿದರು. ಆ ಗಾಡಿಗಳಲ್ಲಿ ನಮ್ಮ ಪೋಷಕರು ಇದ್ದರೆ ದಯವಿಟ್ಟು ತಾಳ್ಮೆಯಿಂದಿರಿ.

ಇದಕ್ಕೆಲ್ಲ ಕೊನೆಯ ಪರಿಹಾರ ಮೇಲ್ಸೇತುವೆ ಎಂದು ಊರಿನಲ್ಲಿ ಮಾತಿದೆ. ಆಗಲಿ. ಆದರೆ ನಡೆದು ಬರುವ ಮಕ್ಕಳಿಗೆ ಅದೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ. ಹಳಿಯ ಮೇಲೆ ಸೇತುವೆ 6 ಮೀಟರಿಗೂ ಎತ್ತರ ಇರಬೇಕಾಗುತ್ತದೆ. ಗಾಡಿಗಳು ಸುಲಭವಾಗಿ ಏರಲು 30 ಮೀಟರಿಗೆ 1 ಮೀಟರಿನಂತೆ ಇಳಿಜಾರು ಇಟ್ಟರೂ ಒಂದೊಂದು ಕಡೆ ಸುಮಾರು 200 ಮೀಟರ್ ಆಗುತ್ತದೆ. ಹಳಿ ಹತ್ತು ಹೆಜ್ಜೆ ದೂರದಲ್ಲಿ ಕಾಣುತ್ತಿರುವಾಗ ಯಾವ ಮಗು ಅಷ್ಟು ಸುತ್ತಿ ಹೋಗುತ್ತದೆ? ಗೇಟ್ ಇರುವ ಜಾಗದಲ್ಲೇ ಕಾಲುದಾರಿಯ ಸೇತುವೆ ಬೇಕು, ಸೈಕಲ್ ತಳ್ಳಿಕೊಂಡು ಹೋಗಲು ಪಕ್ಕದಲ್ಲಿ ಇಳಿಜಾರು ಬೇಕು. ಕೆಳಸೇತುವೆ ಮಾಡುವುದಾದರೆ ನೀರು ಹೋಗುವ ವ್ಯವಸ್ಥೆ ಮೊದಲು ಆಗಬೇಕು. ಮಳೆಯಲ್ಲಿ ತುಂಬಿದ ಕೆಳಸೇತುವೆ ಮಕ್ಕಳನ್ನು ಮತ್ತೆ ಹಳಿಯ ಮೇಲೇ ತಂದು ನಿಲ್ಲಿಸುತ್ತದೆ. ಈ ಬೇಡಿಕೆಯನ್ನು ಬರೆದು ನಗರಾಡಳಿತಕ್ಕೂ ರೈಲ್ವೆಗೂ ಕೊಡುತ್ತಿದ್ದೇವೆ. ಪತ್ರ ಆಫೀಸಿನಲ್ಲಿದೆ, ಓದಿ ಒಪ್ಪಿಗೆಯಾದರೆ ಸಹಿ ಹಾಕಿ.

ಸೇತುವೆ ಬರುವವರೆಗೆ ಬೆಳಿಗ್ಗೆ ಮತ್ತು ಸಂಜೆ ಇಬ್ಬರು ಶಿಕ್ಷಕರು ಗೇಟಿನ ಹತ್ತಿರ ನಿಲ್ಲುತ್ತಾರೆ. ಎರಡೂ ಬದಿಗೆ ಒಬ್ಬೊಬ್ಬ ಪೋಷಕರೂ ಜೊತೆಗಿದ್ದರೆ ಒಳ್ಳೆಯದು. ವಾರಕ್ಕೆ ಒಂದು ದಿನ ಬಂದರೂ ಸಾಕು. ಈ ಪತ್ರದ ಜೊತೆ ಒಂದು ಚೀಟಿ ಇಟ್ಟಿದ್ದೇವೆ. ನಿಮ್ಮ ಮಗು ಹಳಿ ದಾಟಿ ಬರುತ್ತದೆಯೇ, ನಡೆದೋ ಸೈಕಲ್‌ನಲ್ಲೋ, ಒಂಟಿಯಾಗಿಯೋ ಯಾರ ಜೊತೆಗೋ, ನಿಮಗೆ ಯಾವ ದಿನ ಬರಲು ಆಗುತ್ತದೆ ಎಂದು ಬರೆದು ಶುಕ್ರವಾರದೊಳಗೆ ತರಗತಿಯ ಶಿಕ್ಷಕರಿಗೆ ಕಳುಹಿಸಿ. ಒಂಟಿಯಾಗಿ ದಾಟುವ ಚಿಕ್ಕ ಮಕ್ಕಳನ್ನು ದೊಡ್ಡ ಮಕ್ಕಳ ಗುಂಪಿಗೆ ಸೇರಿಸುವ ಕೆಲಸ ಆ ಚೀಟಿ ಬಂದ ಮೇಲೆಯೇ ಶುರುವಾಗುತ್ತದೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ