ಮೂಳೆ ಕೂಡಿತು, ಎಲ್ಲರಿಗೂ ಥ್ಯಾಂಕ್ಸ್

ಈ ವಾರದ ಎಕ್ಸ್‌ರೇ ನೋಡಿ ಡಾಕ್ಟರು "ಇನ್ನು ಕೋಲು ಬೇಡ" ಅಂದರು. ಇಷ್ಟು ದಿನ ಫೋನ್ ಮಾಡಿ, ಮೆಸೇಜ್ ಹಾಕಿ ವಿಚಾರಿಸಿದ ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಮುರಿದದ್ದು ನಿಮಗೆ ಗೊತ್ತು. ರಾಡ್ ಹಾಕಿದರು, ಗಾಯ ಮಾಯಿತು, ಮೂಳೆ ಮಾತ್ರ ಕೂಡಲಿಲ್ಲ. ಸಾಮಾನ್ಯವಾಗಿ 9 ತಿಂಗಳಾದರೂ ಕೂಡದೆ, ಕೊನೆಯ 3 ತಿಂಗಳಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ ಅದಕ್ಕೆ ನಾನ್‌ಯೂನಿಯನ್ ಅನ್ನುತ್ತಾರೆ. ನನ್ನದೂ ಅದೇ. ಪ್ರತಿ ಫಿಲ್ಮಿನಲ್ಲೂ ಆ ಕಪ್ಪು ಗೆರೆ ಇದ್ದಲ್ಲೇ ಇರುತ್ತಿತ್ತು. ಕ್ಯಾಲ್ಸಿಯಂ ಜಾಸ್ತಿ ತಗೋ ಅಂದವರಿಗೂ ಥ್ಯಾಂಕ್ಸ್, ಆದರೆ ಕೊರತೆ ಇದ್ದದ್ದು ಅಲ್ಲಿ ಅಲ್ಲ. ಮುರಿದ ತುದಿಗಳಲ್ಲಿ ಮೂಳೆ ಕಟ್ಟುವ ಕೆಲಸವೇ ನಿಂತುಹೋಗಿತ್ತು.

ಮೊದಲ ಕೃತಜ್ಞತೆ ನನ್ನ ಸರ್ಜನ್‌ಗೆ. ಮತ್ತೊಂದು ಆಪರೇಷನ್ ಮಾಡಿ ಆ ಜಾಗಕ್ಕೆ ಮೂಳೆ ತುಂಬಬೇಕು ಅಂತ ರಿಪೋರ್ಟಿನ ಹಿಂದೆ ಚಿತ್ರ ಬರೆದು ತೋರಿಸಿದರು. ಬಳ್ಳಿಗೆ ಹಂದರ ಇದ್ದ ಹಾಗೆ ಹೊಸ ಮೂಳೆ ಹಬ್ಬಲು ಒಂದು ಆಸರೆ ಬೇಕು, ಕಟ್ಟುವ ಜೀವಕೋಶ ಬೇಕು, ಕಟ್ಟಿ ಅಂತ ಅವುಗಳಿಗೆ ಹೇಳುವ ಪ್ರೋಟೀನ್ ಬೇಕು. ಊತ ಬರಬಹುದು, ಬೇಡದ ಕಡೆ ಮೂಳೆ ಬೆಳೆಯಬಹುದು, ಕೂಡಿಯೇ ಕೂಡುತ್ತದೆ ಅಂತ ಗ್ಯಾರಂಟಿ ಇಲ್ಲ ಅಂತಲೂ ನೇರವಾಗಿ ಹೇಳಿದರು. ಆ ಮಾತಿಗೇ ನನಗೆ ಧೈರ್ಯ ಬಂದದ್ದು.

ಜೀವಕೋಶ ನನ್ನದೇ ಸೊಂಟದ ಮೂಳೆಯಿಂದ ಬಂತು. ಕೆರೆದು ತೆಗೆದ ಜಾಗ ಕಾಲಿಗಿಂತ ಜಾಸ್ತಿ ನೋಯಿತು, ನಂಬ್ತೀರಾ? ರಾತ್ರಿಯೆಲ್ಲಾ ಬೇಸರವಿಲ್ಲದೆ ಮಗ್ಗುಲು ಬದಲಿಸಿಕೊಟ್ಟ ನರ್ಸ್‌ಗಳನ್ನು ಮರೆಯಲಾರೆ.

ನನ್ನ ಮೂಳೆಯೊಂದೇ ಸಾಲುತ್ತಿರಲಿಲ್ಲ. ಹಾಗಾಗಿ ದಾನಿಯ ಮೂಳೆಯ ಚೂರುಗಳನ್ನೂ ಬೆರೆಸಿದರು. ದಾನಿ ಅಂದರೆ ತೀರಿಹೋದವರೇ ಆಗಬೇಕಿಲ್ಲ. ಸೊಂಟದ ಕೀಲು ಬದಲಿಸುವಾಗ ತೊಡೆಮೂಳೆಯ ತಲೆಯನ್ನು ಕತ್ತರಿಸಿ ತೆಗೆಯುತ್ತಾರೆ. ಸುಮ್ನೆ ಎಸೆಯುವ ಆ ಗುಂಡನ್ನು ರೋಗಿ ಒಪ್ಪಿದರೆ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡಿ, ಮೂಳೆ ಬ್ಯಾಂಕಿನಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ನನಗೆ ಹಾಕಿದ್ದು ಅಂಥದ್ದು. ಯಾರೋ ತಮ್ಮದೇ ಆಪರೇಷನ್ ಭಯದ ನಡುವೆ ಒಂದು ಫಾರಂಗೆ ಸಹಿ ಹಾಕಿದ್ದಾರೆ. ಅವರ ಹೆಸರು ನನಗೆ ಸಿಗುವುದಿಲ್ಲ, ನನ್ನದು ಅವರಿಗೆ. ಆ ಚೂರುಗಳಲ್ಲಿ ಜೀವಂತ ಕೋಶ ಇರುವುದಿಲ್ಲ. ನನ್ನ ಮೈ ಅವನ್ನು ನಿಧಾನವಾಗಿ ಕರಗಿಸುತ್ತಾ, ಅದೇ ಜಾಗದಲ್ಲಿ ತನ್ನ ಮೂಳೆ ಕಟ್ಟಿಕೊಳ್ಳುತ್ತಿದೆ. ಅವರು ಕೊಟ್ಟದ್ದು ಹೀಗೆ ಗುರುತಿಲ್ಲದೆ ನನ್ನದಾಗುತ್ತಿದೆ. ಇದಕ್ಕೆ ಹೇಗೆ ಥ್ಯಾಂಕ್ಸ್ ಹೇಳುವುದೋ ತಿಳಿಯುತ್ತಿಲ್ಲ.

ಇನ್ನು ಪ್ರೋಟೀನ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ನಾನು ಎಚ್ಚರವಾಗಿದ್ದೆ. ಬಿಎಂಪಿ-2 ಎಂಬ ಆ ಪ್ರೋಟೀನಿನ ದ್ರಾವಣವನ್ನು ಕೊಲಾಜನ್ ಸ್ಪಂಜಿಗೆ ಹಾಕಿ, ಅದು ಹೀರಿಕೊಳ್ಳಲಿ ಅಂತ 15 ನಿಮಿಷ ಕಾದರು. ಸಿಸ್ಟರ್ ಒಬ್ಬರು ಗಡಿಯಾರ ನೋಡುತ್ತಾ ನಿಮಿಷ ಕೂಗುತ್ತಿದ್ದರು. ಇದರ ಮೂಲ ಮಾರ್ಷಲ್ ಯೂರಿಸ್ಟ್ ಎಂಬ ಅಮೆರಿಕದ ಮೂಳೆ ಸರ್ಜನ್ ಮಾಡಿದ ಕೆಲಸ. ಆಮ್ಲದಲ್ಲಿ ಖನಿಜ ತೆಗೆದ ಮೂಳೆಯನ್ನು ಮೊಲದಂಥ ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರೆ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆ ಅಂತ 1965ರಲ್ಲಿ ಅವರು ತೋರಿಸಿದರು. ಸ್ನಾಯುವಿನಲ್ಲಿ ಮೂಳೆ! ಆ ಮೊಲಗಳಿಗೂ ನಾನು ಋಣಿ.

ಫಿಸಿಯೋ ಮೇಡಂ, ನಿಮ್ಮ ಬೈಗುಳಕ್ಕೂ ಥ್ಯಾಂಕ್ಸ್. ಮನೆಯವರಿಗೆ ಮನೆಯಲ್ಲೇ ಹೇಳಿದ್ದೇನೆ.

ಓಡುವುದು, ಜಿಗಿಯುವುದು ಸದ್ಯಕ್ಕಿಲ್ಲ. ನಿಮ್ಮಲ್ಲಿ ಯಾರಾದರೂ ಸೊಂಟದ ಕೀಲು ಬದಲಿಸಿಕೊಳ್ಳಲು ಹೊರಟಿದ್ದರೆ, ಆಸ್ಪತ್ರೆಗೆ ಮೂಳೆ ಬ್ಯಾಂಕಿನ ಜೊತೆ ಸಂಪರ್ಕ ಇದೆಯಾ ಅಂತ ಒಂದು ಮಾತು ಕೇಳಿ. ಇದ್ದರೆ ಫಾರಂ ಅವರೇ ಕೊಡುತ್ತಾರೆ.