ಬಲೂನಿನ ಡೆಮೊ ಆಶ್ಲೇಷ ಮಳೆಯಲ್ಲೇ ಆಗಲಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಬರೆ (ಗುಡ್ಡದ ಇಳಿಜಾರು) ಕುಸಿದ ಊರಿಗೆ ಬಲೂನಿನಿಂದಲೋ ಡ್ರೋನ್‌ನಿಂದಲೋ ಮೊಬೈಲ್ ಸಿಗ್ನಲ್ ಕೊಡುತ್ತೇವೆ ಎನ್ನುವವರು ನಾಳೆ ನಿಮ್ಮ ಕಚೇರಿಗೂ ಬಂದಾರು. ಅವರನ್ನು ವಾಪಸ್ ಕಳಿಸಿ ಎನ್ನುವುದಕ್ಕೆ ಈ ಪತ್ರವಲ್ಲ. ಕೊಳ್ಳುವ ಮುಂಚೆ ಏನೇನು ಕೇಳಬೇಕು ಎಂದು ಹೇಳುವುದಕ್ಕೆ.

ಮೊದಲಿಗೆ, 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಆದಂಥ ಅನಾಹುತದಲ್ಲಿ ಫೋನ್ ಯಾಕೆ ಸಾಯುತ್ತದೆ ಎಂದು ನೋಡಿ. ಟವರ್ ಸಾಮಾನ್ಯವಾಗಿ ನಿಂತೇ ಇರುತ್ತದೆ. ಕರೆಂಟು ಹೋಗುತ್ತದೆ, ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಡೀಸೆಲ್ ತರೋಣವೆಂದರೆ ರಸ್ತೆಯೇ ಇಲ್ಲ. ರಸ್ತೆ ಬದಿಯಲ್ಲಿ ಹೂತ ಫೈಬರ್ ಕೇಬಲ್ಲೂ ಬರೆಯ ಜೊತೆಗೇ ಹೋಗಿರುತ್ತದೆ. ಹಾಗಾಗಿ ಮೊದಲ ದುಡ್ಡು ಜೂನ್‌ಗೆ ಮುಂಚೆ ಡೀಸೆಲ್ ದಾಸ್ತಾನಿಗೆ, ಫೈಬರ್ ತುಂಡಾದರೆ ಕೆಲಸಕ್ಕೆ ಬರುವ ಮೈಕ್ರೋವೇವ್ ಕೊಂಡಿಗೆ (ಟವರ್‌ನಿಂದ ಟವರ್‌ಗೆ ತಂತಿಯಿಲ್ಲದ ಸಂಪರ್ಕ) ಹೋಗಲಿ. ಬಲೂನು ಆಮೇಲಿನ ಮಾತು.

ಬಲೂನೋ ಡ್ರೋನೋ ಎಂದರೆ ನಮ್ಮ ಮತ ನೆಲಕ್ಕೆ ಹಗ್ಗ ಕಟ್ಟಿದ ಬಲೂನಿಗೆ. ಹಗ್ಗ ಕಟ್ಟಿದ ಡ್ರೋನ್ ಮೇಲೆ ನಿಲ್ಲುವುದಕ್ಕೇ ಕಿಲೋವ್ಯಾಟ್‌ಗಟ್ಟಲೆ ಕರೆಂಟು ಸತತವಾಗಿ ಬೇಕು. ಜನರೇಟರ್ ಕೆಮ್ಮಿದರೆ ಅದು ಇಳಿಯಲೇಬೇಕು, ಬಲೂನು ಅಲ್ಲೇ ಇರುತ್ತದೆ. 2017ರಲ್ಲಿ ಮರಿಯಾ ಚಂಡಮಾರುತದ ನಂತರ ಪೋರ್ಟೊರಿಕೊದಲ್ಲಿ ಎರಡೂ ಹಾರಿದವು, ಬಲೂನು ಮಾತ್ರ ಹಗ್ಗವಿಲ್ಲದ್ದು. ಅಲ್ಲಿ ಹಾರಿದ್ದು ಬಿರುಗಾಳಿ ನಿಂತ ಮೇಲೆ ಎಂಬುದನ್ನು ಮರೆಯಬೇಡಿ. ನಮಗೆ ಬೇಕಾಗಿರುವುದು ಮಳೆ ಹೊಯ್ಯುತ್ತಿರುವಾಗಲೇ.

ಲೆಕ್ಕ ಹೀಗಿದೆ. ಮಡಿಕೇರಿಯ ಎತ್ತರದಲ್ಲಿ 100 ಘನ ಮೀಟರ್ ಹೀಲಿಯಂ ಸುಮಾರು 90 ಕೆಜಿ ಎತ್ತುತ್ತದೆ. ಬಟ್ಟೆ, ರೆಕ್ಕೆ, ಕಟ್ಟುಗಳಿಗೆ 30, ರೇಡಿಯೊ ಮತ್ತು ಆ್ಯಂಟೆನಾಗೆ 15, ಹಗ್ಗಕ್ಕೆ 10 ಕಳೆಯಿರಿ. ಉಳಿದದ್ದು 35. ಈಗ ಮಳೆ ಬರಲಿ: ಮೇಲ್ಮೈಯ 55 ಚದರ ಮೀಟರ್‌ನಲ್ಲಿ 0.3 ಮಿಲಿಮೀಟರ್ ನೀರಿನ ಪೊರೆ ನಿಂತರೂ 16 ಕೆಜಿ ಹೋಯಿತು. 60 ಘನ ಮೀಟರ್‌ನದ್ದು ಅಗ್ಗಕ್ಕೆ ಸಿಗುತ್ತದೆಂದು ಕೊಂಡರೆ ಮೊದಲ ಜಡಿಮಳೆಗೇ ಕಾಫಿ ತೋಟದ ಮೇಲೆ ಮಲಗುತ್ತದೆ. ದುಂಡು ಬಲೂನಂತೂ ಬೇಡವೇ ಬೇಡ. ಈ ಗಾತ್ರದ ದುಂಡು ಬಲೂನನ್ನು ಗಂಟೆಗೆ 54 ಕಿಲೋಮೀಟರ್ ಗಾಳಿ 60 ಕೆಜಿಗೂ ಮೀರಿದ ಬಲದಿಂದ ಅಡ್ಡಕ್ಕೆ ದಬ್ಬುತ್ತದೆ. ಗಾಳಿಪಟದಂತೆ ಗಾಳಿಯನ್ನೇ ಬಳಸಿ ಮೇಲೇಳುವ ಆಕಾರ ಬೇಕು.

ದೊಡ್ಡ ಸಿಲಿಂಡರ್ ಒಂದರಲ್ಲಿ ಸಿಗುವ ಹೀಲಿಯಂ ಸುಮಾರು 7 ಘನ ಮೀಟರ್. ತುಂಬಲು 15 ಸಿಲಿಂಡರ್, ಸೋರಿಕೆ ತುಂಬಿಸಲು 3 ಇಟ್ಟುಕೊಳ್ಳಿ. ಒಂದು ಪಿಕಪ್ ಲೋಡು. ಇವು ಬೆಂಗಳೂರಿನಲ್ಲಿದ್ದರೆ ಇಲ್ಲದಂತೆಯೇ ಲೆಕ್ಕ, ಮಡಿಕೇರಿಯಲ್ಲೇ ಇರಬೇಕು.

ಬೇಸ್‌ಬ್ಯಾಂಡ್ ಪೆಟ್ಟಿಗೆ (ಕರೆ, ಡೇಟಾ ಸಂಸ್ಕರಿಸುವ ಯಂತ್ರ) ನೆಲದ ಮೇಲಿನ ವ್ಯಾನಿನಲ್ಲಿರಲಿ. ಮೇಲೆ ಹೋಗಬೇಕಾದದ್ದು ರೇಡಿಯೊ ಮತ್ತು ಆ್ಯಂಟೆನಾ ಮಾತ್ರ, ಹಗ್ಗದೊಳಗೇ ಫೈಬರ್ ಮತ್ತು ತಾಮ್ರ. ಇಲ್ಲಿ ಬಹಳ ಜನ ಎಡವುತ್ತಾರೆ: ಟವರ್‌ಗೆ ಕೊಡುವ 48 ವೋಲ್ಟನ್ನೇ 100 ಮೀಟರ್ ಮೇಲಕ್ಕೆ ಕಳಿಸುತ್ತಾರೆ. 1.5 ಚದರ ಮಿಲಿಮೀಟರ್ ತಂತಿಯಲ್ಲಿ 10 ಆಂಪಿಯರ್ ಹರಿದರೆ, ಹೋಗಿ ಬರುವ ದಾರಿಯಲ್ಲೇ 23 ವೋಲ್ಟ್ ಕರಗುತ್ತದೆ. ಮೇಲಿನ ರೇಡಿಯೊ ಎದ್ದೇಳುವುದೇ ಇಲ್ಲ. 400 ವೋಲ್ಟ್ ಡಿಸಿ ಕಳಿಸಿ ಮೇಲೆ ಇಳಿಸಿಕೊಂಡರೆ ನಷ್ಟ 3 ವೋಲ್ಟ್ ಅಷ್ಟೆ.

ಆ್ಯಂಟೆನಾ ವಿಷಯಕ್ಕೆ ಬಂದರೆ, ಟವರ್‌ನ ಕಿರಿದಾದ ಕಿರಣದ ಆ್ಯಂಟೆನಾ ಇಲ್ಲಿ ಕೂಡದು. ಬಲೂನು 10 ಡಿಗ್ರಿ ವಾಲಿದರೆ ಒಂದು ಕಡೆಯ ಸಿಗ್ನಲ್ ಮೋಡಕ್ಕೆ, ಇನ್ನೊಂದು ಕಡೆಯದು ಕಾಲಡಿಯ ಮಣ್ಣಿಗೆ. ಅಗಲ ಕಿರಣದ ಆ್ಯಂಟೆನಾ ಲೋಲಕದಂತೆ ತೂಗಾಡಲಿ. 100 ಮೀಟರ್ ಎತ್ತರದಿಂದ 35 ಕಿಲೋಮೀಟರ್ ಕಾಣುತ್ತದೆ ಎನ್ನುವುದು ಸಮುದ್ರದ ಮೇಲಿನ ಮಾತು. ನಮ್ಮಲ್ಲಿ ಎದುರಿನ ಗುಡ್ಡದ ಆಚೆಗೆ ಸಿಗ್ನಲ್ ಇಳಿಯದು. ಆದ್ದರಿಂದ ಬಲೂನು ಕಟ್ಟುವ ಜಾಗ ಕಣಿವೆಯಲ್ಲಲ್ಲ, ಕುಸಿಯದ ಗುಡ್ಡದ ನೆತ್ತಿಯಲ್ಲಿ. ಈಗಲೇ ನಾಲ್ಕೈದು ಕಡೆ ಗುರುತಿಸಿ ಲಂಗರು ಹಾಕಿಸಿಡಿ.

ವ್ಯಾನಿನಿಂದ ಮುಂದಕ್ಕೆ, ಜೀವಂತ ಟವರ್ ಕಾಣುವಂತಿದ್ದರೆ ಮೈಕ್ರೋವೇವ್, ಇಲ್ಲದಿದ್ದರೆ ಉಪಗ್ರಹ. ಹೆಚ್ಚಿನ ತರಂಗಾಂತರದ ಕೆಯು ಬ್ಯಾಂಡ್ ಡಿಶ್ ನಮ್ಮ ಮಳೆಯಲ್ಲಿ ಆಗಾಗ ಕೈಕೊಡುತ್ತದೆ, ಕಡಿಮೆ ತರಂಗಾಂತರದ ಸಿ ಬ್ಯಾಂಡ್ ಕೇಳಿ. ಮಾತು ಮತ್ತು ಎಸ್ಎಂಎಸ್‌ಗೆ ಮಾತ್ರ ಬಿಡಿ, ವಿಡಿಯೊ ಬಂದ್ ಮಾಡಿ.

ಇನ್ನು ಕಾಗದ ಪತ್ರ. ಲೈಸೆನ್ಸ್ ಇರುವ ಮೊಬೈಲ್ ಕಂಪನಿಯ ತರಂಗಾಂತರ ಇಲ್ಲದೆ ಬಲೂನು ಬರೀ ಗಾಳಿಚೀಲ. ಅವರೊಂದಿಗಿನ ಒಪ್ಪಂದ, ಯಾವ ಸಿಮ್ ಆದರೂ ಹಿಡಿಯುವಂತೆ ಇಂಟ್ರಾ ಸರ್ಕಲ್ ರೋಮಿಂಗ್, ವಾಯುಯಾನ ಇಲಾಖೆಯ ಅನುಮತಿ ಮೂರೂ ಮೇ ತಿಂಗಳೊಳಗೆ ಕೈಯಲ್ಲಿರಲಿ. ರಕ್ಷಣೆಗೆ ಬರುವ ಹೆಲಿಕಾಪ್ಟರ್‌ಗೆ ಕಾಣದ ಹಗ್ಗವೇ ಯಮ. ಹಗ್ಗಕ್ಕೆ ಉದ್ದಕ್ಕೂ ಬಾವುಟ, ತುದಿಗೆ ಕೆಂಪು ದೀಪ ಕಟ್ಟಿಸಿ, ಹೆಲಿಕಾಪ್ಟರ್ ಬರುವ ಮುಂಚೆ ಇಳಿಸುವವರು ಯಾರು ಎಂದು ಬರೆದಿಡಿ. ಸಿಡಿಲಿನ ಮುನ್ಸೂಚನೆ ಇದ್ದರೂ ಇಳಿಸಲೇಬೇಕು.

ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್ಎಎಲ್ 2024ರ ಫೆಬ್ರುವರಿಯಲ್ಲಿ ಚಳ್ಳಕೆರೆಯಲ್ಲಿ ಹಾರಿಸಿದ, ತೀರಾ ಎತ್ತರದಲ್ಲಿ ಉಪಗ್ರಹದಂತೆ ಕೆಲಸ ಮಾಡಬೇಕಾದ ಸೌರ ವಿಮಾನದ ಸಣ್ಣ ಮಾದರಿ ಭರವಸೆಯದೇ. ಆದರೆ ಅದು ಈ ಮಳೆಗಾಲಕ್ಕಲ್ಲ.

ಕೊಳ್ಳುವ ಮುಂಚೆ ಒಂದು ಷರತ್ತು ಹಾಕಿ: ಭಾಗಮಂಡಲದ ಕಡೆ, ಪುಷ್ಯ ಅಥವಾ ಆಶ್ಲೇಷ ಮಳೆಯಲ್ಲಿ, 72 ಗಂಟೆ ಸತತ ಹಾರಾಟ, ರೇಡಿಯೊ ಪೂರ್ತಿ ಹೊರೆಯಲ್ಲಿ. ಎಷ್ಟು ಸಲ ಇಳಿಸಿದರು, ಎಷ್ಟು ಹೀಲಿಯಂ ತುಂಬಿದರು, ಯಾವ ಮನೆಯಂಗಳದಲ್ಲಿ ಫೋನ್ ರಿಂಗಾಯಿತು ಎಂಬುದನ್ನು ನಿಮ್ಮ ತಹಶೀಲ್ದಾರರೇ ನಿಂತು ಬರೆದುಕೊಳ್ಳಲಿ. ಏಪ್ರಿಲ್‌ನ ಬಿಸಿಲಲ್ಲಿ, ಮಡಿಕೇರಿಯ ಮೈದಾನದಲ್ಲಿ ಮಾಡಿ ತೋರಿಸಿದ್ದಕ್ಕೆ ಬಿಲ್ ಪಾಸ್ ಮಾಡಬೇಡಿ.

ಇಂತಿ,
ದೂರಸಂಪರ್ಕ ಕೆಲಸ ಬಲ್ಲ ಕೆಲವು ನಾಗರಿಕರು